ಸಹಾಯ ಬೇಕು: ಮೆದುಳಿನ ಗಡ್ಡೆ, ಡಾಕ್ಟರಿಗೆ ಏನೇನು ಕೇಳಬೇಕು?

ಎಲ್ಲರಿಗೂ ಶರಣು. ನಾವು ಆಳಂದ ಕಡೆಯವರು, ಈಗ ಕಲಬುರಗಿಯಲ್ಲಿದ್ದೇವೆ. ನಮ್ಮ ಕಾಕಾಗೆ ಮೆದುಳಿನಲ್ಲಿ ಗಡ್ಡೆ ಅಂತ ಎಂಆರ್‌ಐನಲ್ಲಿ ಬಂದಿದೆ. ಹೋದ ವಾರ ಡಾಕ್ಟರ ಎದುರು ನಾಲ್ಕು ಜನ ಕೂತಿದ್ದೆವು, ಒಬ್ಬರಿಗೂ ಬಾಯಿ ಬರಲಿಲ್ಲ. "ಹೂಂ ಸರ್" ಅಂದು ಎದ್ದು ಬಂದೆವು. ಹೊರಗೆ ಬಂದ ಮೇಲೆ ಕಾಕು ಕೇಳಿದರು, "ಅವರು ಕ್ಯಾನ್ಸರ್ ಅಂದ್ರೋ, ಅಲ್ಲ ಅಂದ್ರೋ?" ನಮಗ್ಯಾರಿಗೂ ಗೊತ್ತಿರಲಿಲ್ಲ.

ಸೋಮವಾರ ಮತ್ತೆ ಹೋಗಬೇಕು. ಈ ಸಲ ಚೀಟಿ ಬರೆದುಕೊಂಡು ಹೋಗ್ತೇವೆ. ಗಡ್ಡೆಗೆ 1ರಿಂದ 4ರವರೆಗೆ ಗ್ರೇಡ್ (ಅದು ಎಷ್ಟು ಜೋರಿನದು ಅನ್ನೋ ದರ್ಜೆ) ಇರುತ್ತದಂತೆ, ತುಣುಕು ತೆಗೆದು ಪರೀಕ್ಷಿಸಿದ ಮೇಲೇ ಅದು ಖಚಿತವಾಗೋದಂತೆ. ಹಾಗಾದರೆ ಅದು ಯಾವಾಗ? ಪೂರ್ತಿ ತೆಗೆಯಲು ಬರುತ್ತದಾ, ತೆಗೆದರೆ ಮಾತು, ಬಲಗೈ ಹೇಗಿರುತ್ತವೆ? ರೇಡಿಯೇಶನ್ ಬೇಕಾಗುತ್ತದಾ?

ಡೆಕ್ಸಾಮೆಥಾಸೋನ್ ಗುಳಿಗೆ (ಮೆದುಳಿನ ಊತ ಇಳಿಸುವ ಸ್ಟೀರಾಯ್ಡ್) ನಡೆದಿದೆ. ಅದನ್ನು ನಮ್ಮಷ್ಟಕ್ಕೆ ನಾವೇ ಒಮ್ಮೆಲೇ ನಿಲ್ಲಿಸಬಾರದು, ಅದರಿಂದ ಸಕ್ಕರೆ ಏರಬಹುದು ಅಂತ ಔಷಧ ಅಂಗಡಿಯವರು ಹೇಳಿದಾಗಲೇ ತಿಳಿದದ್ದು. ಕಾಕಾಗೆ ಮೊದಲೇ ಸಕ್ಕರೆ ಕಾಯಿಲೆ. ಇದನ್ನೇ ಮೊದಲ ಪ್ರಶ್ನೆ ಮಾಡಬೇಕು ಅನಿಸುತ್ತದೆ. ಒಮ್ಮೆ ಫಿಟ್ಸ್ ಕೂಡ ಬಂದಿದೆ, ಬೈಕಿನ ಕೀಲಿ ನಾನೇ ಇಟ್ಟುಕೊಂಡಿದ್ದೇನೆ.

ಯಾರ ಮನೆಯಲ್ಲಾದರೂ ಇದನ್ನು ಕಂಡಿದ್ದರೆ, ನರ್ಸ್ ಅಕ್ಕಂದಿರು ಇದ್ದರೆ ದಯವಿಟ್ಟು ಹೇಳಿ, ನಾವು ಏನು ಬಿಟ್ಟಿದ್ದೇವೆ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ತೋರಿಸಬೇಕು ಅಂದರೆ ಸ್ಕ್ಯಾನಿನ ಸಿಡಿ ಒಯ್ದರೆ ಸಾಕಾ? ಇನ್ನೊಂದು, ಇದೇ ನನಗೆ ಕಷ್ಟವಾಗಿರೋದು: "ಎಷ್ಟು ದಿನ" ಅನ್ನೋ ಪ್ರಶ್ನೆ ಕಾಕಾನ ಮುಂದೆ ಕೇಳಬೇಕಾ? ತಿಳಿಯಬೇಕೋ ಬೇಡವೋ ಅಂತ ಮೊದಲು ಅವರನ್ನೇ ಕೇಳೋಣ ಅಂತ ನನಗನಿಸುತ್ತದೆ, ಮನೆಯವರು ಬೇಡ ಅಂತಿದ್ದಾರೆ. ನೀವು ಏನು ಮಾಡಿದಿರಿ? ಭಾನುವಾರದ ಒಳಗೆ ತಿಳಿಸಿದರೆ ಉಪಕಾರವಾಗುತ್ತದೆ.