ತಂದ ನಾಯಿ ಸಾಕಾಗಿಹೋಗಿದೆ, ಬೇರೆಯವರಿಗೆ ಕೊಟ್ಟರೆ ತಪ್ಪಾ? (ಪಶುವೈದ್ಯರಿಗೆ ಪ್ರಶ್ನೆ)

ಪ್ರಶ್ನೆ (ಮೈಸೂರು, ಹೆಸರು ಬೇಡ ಎಂದಿದ್ದಾರೆ)

ಡಾಕ್ಟರೇ ನಮಸ್ಕಾರ. ಬೈಯಬೇಡಿ ಅಂತ ಮೊದಲೇ ಕೇಳಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಏಳು ತಿಂಗಳ ಗಂಡು ಬೀಗಲ್ ಇದೆ. ಹೆಸರು ಬ್ರೂನೋ. ಮಕ್ಕಳು ತುಂಬಾ ದಿನದಿಂದ ನಾಯಿ ಬೇಕು ಅಂತ ಕಾಡುತ್ತಿದ್ದರು. ಮಗಳ ಹುಟ್ಟುಹಬ್ಬಕ್ಕೆ ನಮ್ಮವರು 45 ದಿನದ ಮರಿ ತಂದರು. ಊಟ ಹಾಕೋದು, ವಾಕಿಂಗ್ ಎಲ್ಲಾ ನಮ್ಮದೇ ಅಂದಿದ್ದರು ಇಬ್ಬರೂ. ಮಗಳಿಗೆ ಹನ್ನೆರಡು, ಮಗನಿಗೆ ಎಂಟು. ಹದಿನೈದು ದಿನ ಮಾಡಿದರು, ಅಷ್ಟೆ.

ಈಗ ಎಲ್ಲಾ ನನ್ನ ತಲೆ ಮೇಲೆ. ನಮ್ಮವರಿಗೆ ನಂಜನಗೂಡಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ನಾನು ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಗಿರಾಕಿ ಬಂದರೆ ಬೊಗಳುತ್ತದೆ. ಒಬ್ಬರ ರೇಷ್ಮೆ ಬ್ಲೌಸ್ ಪೀಸ್ ಹರಿದು ಹಾಕಿದೆ, ದುಡ್ಡು ಕೊಟ್ಟೆ. ಬಾಗಿಲು ಹಾಕಿಕೊಂಡು ಹೊರಗೆ ಹೋದರೆ ಊಳಿಡುತ್ತದೆ. ನಾವಿರೋದು ಬಾಡಿಗೆ ಮನೆ, ಮೇಲಿನ ಮಹಡಿ. ಓನರ್ ಎರಡು ಸಲ ಹೇಳಿಯಾಯಿತು. ಅತ್ತೆಗೆ ಮಂಡಿ ನೋವು, ಮೊನ್ನೆ ಕಾಲಿಗೆ ಅಡ್ಡ ಬಂದು ಬೀಳುವುದರಲ್ಲಿದ್ದರು. ಮಗ ಅದರ ಬಾಯಿಂದ ಸಾಕ್ಸ್ ಎಳೆಯಲು ಹೋದಾಗ ಗುರ್ ಅಂದು ಕೈಗೆ ಬಾಯಿ ಹಾಕಿದೆ.

ನಿಜ ಹೇಳುತ್ತೇನೆ, ಬೆಳಿಗ್ಗೆ ಎದ್ದು ಅದರ ಮುಖ ನೋಡಿದರೇ ಸಿಟ್ಟು ಬರುತ್ತದೆ. ಆಮೇಲೆ ಅದು ಮಿಷನ್ ಪಕ್ಕ ಬಂದು ಮಲಗಿದರೆ ಅಳು ಬರುತ್ತದೆ. ಎಚ್.ಡಿ. ಕೋಟೆ ಕಡೆ ಭಾವನವರ ತೋಟ ಇದೆ, ಅಲ್ಲಿ ಬಿಟ್ಟರೆ ಆರಾಮಾಗಿ ಓಡಾಡಿಕೊಂಡಿರುತ್ತದೆ ಅನ್ನುತ್ತಾರೆ ನಮ್ಮವರು. ಇದನ್ನು ಕೇಳಿ ಮಗಳು ಮಾತು ಬಿಟ್ಟಿದ್ದಾಳೆ. ಏನು ಮಾಡಲಿ?

ಡಾಕ್ಟರ್

ನಮಸ್ಕಾರ ಅಮ್ಮ. ಬೈಯಲ್ಲ. ಆದರೆ ಬೇರೆ ಎಲ್ಲದಕ್ಕಿಂತ ಮೊದಲು ಒಂದು ವಿಷಯ ಹೇಳಿ. ಮಗನ ಕೈಗೆ ಹಲ್ಲು ತಾಗಿತ್ತಾ? ಚರ್ಮ ಗೀರಿದೆಯಾ?

ಪ್ರಶ್ನೆ ಕೇಳಿದವರು

ಸಣ್ಣ ಗೀರು, ಒಂದೆರಡು ಹನಿ ರಕ್ತ ಬಂತು. ಅರಿಶಿನ ಹಚ್ಚಿದೆ. ನಾಯಿಗೆ ಮೂರು ತಿಂಗಳಿಗೇ ರೇಬಿಸ್ ಇಂಜೆಕ್ಷನ್ ಆಗಿತ್ತಲ್ಲಾ, ಅದಕ್ಕೆ ಆಸ್ಪತ್ರೆಗೆ ಹೋಗಲಿಲ್ಲ. ನಾಲ್ಕು ದಿನ ಆಯಿತು.

ಡಾಕ್ಟರ್

ಇವತ್ತೇ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಲಸಿಕೆ ಉಚಿತ. ಮನೆ ನಾಯಿ, ಇಂಜೆಕ್ಷನ್ ಆಗಿದೆ ಅಂತ ನೀವೇ ತೀರ್ಮಾನ ಮಾಡುವುದು ಬೇಡ. ಅದನ್ನು ಮಗುವನ್ನು ನೋಡುವ ಡಾಕ್ಟರ್ ಮಾಡಲಿ. ನಾಯಿಯ ಲಸಿಕೆ ಕಾರ್ಡು ತೆಗೆದುಕೊಂಡು ಹೋಗಿ ತೋರಿಸಿ. ಕಚ್ಚಿದ ದಿನದಿಂದ 10 ದಿನ ನಾಯಿ ಮೇಲೆ ಕಣ್ಣಿಡಿ. ಊಟ ಬಿಟ್ಟರೆ, ನಡವಳಿಕೆ ಬದಲಾದರೆ ತಕ್ಷಣ ತಿಳಿಸಿ. ಇನ್ನು ಮುಂದೆ ಗೀರು ಬಿದ್ದರೆ ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಆಮೇಲೆ ಸೀದಾ ಆಸ್ಪತ್ರೆಗೆ. ಹೋಗಿ ಬನ್ನಿ, ಉಳಿದದ್ದನ್ನು ಬರೆದಿಟ್ಟಿರುತ್ತೇನೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ.

ನಾಯಿ ತಂದು ಪಶ್ಚಾತ್ತಾಪ ಪಡುವವರು ನೀವೊಬ್ಬರೇ ಅಲ್ಲ. ನಮ್ಮ ಕ್ಲಿನಿಕ್ಕಿಗೆ ಲಸಿಕೆಗೆ ಬರುವವರಲ್ಲೇ ಎಷ್ಟೋ ಜನ ಹೋಗುವಾಗ ಬಾಗಿಲ ಹತ್ತಿರ ನಿಂತು, ಇದನ್ನು ಯಾರಾದರೂ ತಗೋತಾರಾ ಅಂತ ಮೆಲ್ಲಗೆ ಕೇಳುತ್ತಾರೆ. ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದವರು 2024ರಲ್ಲಿ ಇದರ ಮೇಲೇ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಮರಿ ತಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಇಂಥ ಸಂಕಟ ಅನುಭವಿಸಿದ್ದರು. ಸಿಟ್ಟು, ಆತಂಕ, ಸುಸ್ತು, ಈ ಮೂರೂ ಅದರಲ್ಲಿವೆ. ನಿಮ್ಮ ಪತ್ರದಲ್ಲೂ ಮೂರೂ ಇವೆ.

ಬ್ರೂನೋ ವಿಷಯ. 45 ದಿನಕ್ಕೆ ಮರಿ ಮಾರುವುದು ನಮ್ಮಲ್ಲಿ ರೂಢಿ ಆಗಿಬಿಟ್ಟಿದೆ. 2017ರ ನಾಯಿ ತಳಿ ಸಾಕಣೆ ನಿಯಮದ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆ ಹತ್ತು ಹದಿನೈದು ದಿನ ಸಣ್ಣ ವಿಷಯ ಅಲ್ಲ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅನ್ನೋದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವುಗಳ ಜೊತೆ ಆಡುವಾಗಲೇ.

ಇನ್ನು ತಳಿ. ಬೀಗಲ್ ಚಿಕ್ಕದು, ಮುದ್ದಾಗಿದೆ, ಚಿಕ್ಕ ಮನೆಗೆ ಸರಿ ಅಂತ ಮಾರುತ್ತಾರೆ. ಇಂಗ್ಲೆಂಡಿನಲ್ಲಿ ಇದನ್ನು ಬೆಳೆಸಿದ್ದು ಗುಂಪಾಗಿ ಮೊಲ ಬೇಟೆಯಾಡಲು. ವಾಸನೆ ಹಿಡಿದು ಓಡಬೇಕು, ದೂರದ ಬೇಟೆಗಾರನಿಗೆ ಕೇಳುವಂತೆ ಕೂಗಬೇಕು, ಜೊತೆಗೆ ಯಾವಾಗಲೂ ಗುಂಪಿರಬೇಕು. ಅಂಥ ನಾಯಿಯನ್ನು ಮಹಡಿ ಮನೆಯಲ್ಲಿ ಒಂಟಿಯಾಗಿ ಬಿಟ್ಟರೆ ಊಳಿಡದೆ ಇನ್ನೇನು ಮಾಡುತ್ತದೆ? ಅದು ಹಟ ಅಲ್ಲ. ವಯಸ್ಸೂ ಹಾಗೇ ಇದೆ. ಏಳು ತಿಂಗಳಿಗೆ 42 ಶಾಶ್ವತ ಹಲ್ಲು ಬಂದಿರುತ್ತವೆ, ಮೈಯಲ್ಲಿ ಹರೆಯ ಶುರು. ಕಲಿಸಿದ್ದನ್ನೆಲ್ಲ ಮರೆತಂತೆ ಆಡುವ ಕಾಲ. ಒಂದೂವರೆ ವರ್ಷದ ಹೊತ್ತಿಗೆ ಬಹಳಷ್ಟು ತಗ್ಗುತ್ತದೆ. ಅಲ್ಲಿಯವರೆಗೆ ತಡೆಯುವವರು ಯಾರು ಅನ್ನೋದೇ ಪ್ರಶ್ನೆ.

ಆ ಸಾಕ್ಸ್ ಪ್ರಸಂಗಕ್ಕೆ ಬನ್ನಿ. ಬಾಯಲ್ಲಿದ್ದದ್ದನ್ನು ಕಿತ್ತುಕೊಂಡಷ್ಟೂ ನಾಯಿ ಬಿಗಿಯಾಗಿ ಹಿಡಿಯುತ್ತದೆ, ಗುರುಗುಟ್ಟುತ್ತದೆ. ಇದಕ್ಕಿಂತ ರುಚಿಯಾದದ್ದು, ಬೇಯಿಸಿದ ಕೋಳಿ ಚೂರೋ ಪನ್ನೀರೋ, ಸ್ವಲ್ಪ ದೂರ ಎಸೆಯಿರಿ. ಅದು ಅತ್ತ ಹೋದಾಗ ಸಾಕ್ಸ್ ತೆಗೆಯಿರಿ. ಈ ಕೆಲಸ ದೊಡ್ಡವರದು, ಮಗನದಲ್ಲ. ಊಟದ ತಟ್ಟೆಗೆ ಕೈ ಹಾಕಿ ಅಭ್ಯಾಸ ಮಾಡಿಸಿ ಅಂತ ಯಾರಾದರೂ ಹೇಳಿದ್ದರೆ ಅದನ್ನು ಇವತ್ತೇ ನಿಲ್ಲಿಸಿ. ಮತ್ತೆ ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ. ಎಚ್ಚರಿಕೆ ಕೊಡುವುದನ್ನು ಬಿಡಿಸಿದರೆ ಮುಂದಿನ ಸಲ ಸೀದಾ ಕಚ್ಚುತ್ತದೆ.

ನಿಮ್ಮ ಟೈಲರಿಂಗ್ ಕೋಣೆ ನನಗೆ ಜಾಸ್ತಿ ಭಯ ಹುಟ್ಟಿಸುತ್ತಿದೆ. ಸೂಜಿ ಸಮೇತ ದಾರ ನುಂಗಿದ ನಾಯಿಗಳಿಗೆ ಹೊಟ್ಟೆ ಆಪರೇಷನ್ ಮಾಡಿದ್ದೇನೆ. ಬರೀ ದಾರವೇ ಕರುಳಲ್ಲಿ ಸಿಕ್ಕಿ ಕರುಳನ್ನು ಕೊಯ್ಯುತ್ತದೆ. ಬಾಗಿಲಿಗೆ ಮಕ್ಕಳ ಗೇಟ್ ಹಾಕಿಸಿ.

ವಾಕಿಂಗ್‌ನಲ್ಲಿ ಎಳೆದಾಡಿಕೊಂಡು ಬೇಗ ಬೇಗ ನಡೆಸಬೇಡಿ. ಅರ್ಧ ಗಂಟೆ ಮೂಸಿಕೊಂಡು ಹೋಗಲಿ. ಬೀಗಲ್‌ಗೆ ಕಾಲಿಗಿಂತ ಮೂಗು ದಣಿದರೆ ನಿದ್ದೆ ಬರುತ್ತದೆ. ಮನೆಯಲ್ಲಿ ಊಟವನ್ನು ತಟ್ಟೆಗೆ ಹಾಕದೆ ಹಳೆ ಟವೆಲ್ಲಿನ ಮಡಿಕೆಯಲ್ಲಿ ಬಚ್ಚಿಟ್ಟು ಹುಡುಕಿಸಿ. ಇದನ್ನು ಮಗ ಮಾಡಬಹುದು, ಬಚ್ಚಿಟ್ಟು ಆಚೆ ಬಂದಮೇಲೆ ನಾಯಿಯನ್ನು ಬಿಡಿ. ಒಂಟಿಯಾಗಿರುವುದನ್ನು ಎರಡು ನಿಮಿಷ, ಐದು ನಿಮಿಷ ಅಂತ ಸ್ವಲ್ಪ ಸ್ವಲ್ಪವಾಗಿ ಕಲಿಸಬೇಕು, ಒಂದೇ ಸಲ ಮೂರು ಗಂಟೆ ಅಲ್ಲ.

ಇದೆಲ್ಲ ಯಾರು ಮಾಡೋದು? ಮತ್ತೆ ನೀವೇ ಅಂತಾದರೆ ನಾನು ಬರೆದದ್ದೆಲ್ಲ ನಿಮ್ಮ ತಲೆ ಮೇಲೆ ಇನ್ನೊಂದು ಹೊರೆ ಅಷ್ಟೆ. ಆದ್ದರಿಂದ ಮನೆಯಲ್ಲಿ ಎಲ್ಲರನ್ನೂ ಕೂರಿಸಿ. ನಿಮ್ಮ ಯಜಮಾನರು ಯಾವ ಶಿಫ್ಟ್ ಇದ್ದರೂ ದಿನಕ್ಕೆ ಒಂದು ವಾಕಿಂಗ್ ಅವರದು. ಮಗಳಿಗೆ ಊಟ, ನೀರು, ಬಾಚುವುದು. ಒಂದೂವರೆ ತಿಂಗಳು ಹೀಗೆ ನಡೆಯಲಿ. ನಡೆದರೆ ಇಟ್ಟುಕೊಳ್ಳಿ. ಯಜಮಾನರು ಒಪ್ಪದಿದ್ದರೆ, ಅಥವಾ ಎರಡನೇ ವಾರಕ್ಕೇ ಮತ್ತೆ ನಿಮ್ಮ ಕೈಗೆ ಬೆಲ್ಟು ಬಂದರೆ, ಕೊಟ್ಟುಬಿಡಿ. ಎರಡು ವರ್ಷ ಎಳೆದಾಡಿ ಕೊಡುವುದಕ್ಕಿಂತ ಈಗ ಕೊಡುವುದು ನಾಯಿಗೂ ಒಳ್ಳೆಯದು. ಎಳೆ ನಾಯಿಗೆ ಮನೆ ಬೇಗ ಸಿಗುತ್ತದೆ.

ಆದರೆ ತೋಟಕ್ಕೆ ಮಾತ್ರ ಬೇಡ. ಎಚ್.ಡಿ. ಕೋಟೆ ಅಂದರೆ ನಾಗರಹೊಳೆಯ ಅಂಚು. ರಾತ್ರಿ ಕಟ್ಟಿಹಾಕಿದ ನಾಯಿಗಿಂತ ಸುಲಭದ ಬೇಟೆ ಚಿರತೆಗೆ ಇಲ್ಲ. ಕಟ್ಟದೆ ಬಿಟ್ಟರೆ ಬೀಗಲ್ ವಾಸನೆ ಹಿಡಿದು ಹೋಗುತ್ತದೆ, ಕರೆದರೆ ತಿರುಗಿ ನೋಡಲ್ಲ. ಕಾಡುಹಂದಿಗೆ ಇಟ್ಟ ಉರುಳು ಇರುತ್ತದೆ. ತಿಂಡಿಯೊಳಗೆ ಸಿಡಿಮದ್ದು ಇಡುವವರೂ ಇದ್ದಾರೆ, ಅದನ್ನು ಕಚ್ಚಿ ದವಡೆ ಒಡೆದುಕೊಂಡ ದನಗಳನ್ನು ನೋಡಿದ್ದೇನೆ. ಮೈಗೆ ಅಂಟುವ ಉಣ್ಣಿ ಹುಳದಿಂದ ಬರುವ ಜ್ವರ ಬೇರೆ. ತೋಟದ ನಾಯಿಗಳು ಇದನ್ನೆಲ್ಲ ನೋಡಿಕೊಂಡೇ ಬೆಳೆದಿರುತ್ತವೆ. ನಿಮ್ಮ ಬ್ರೂನೋಗೆ ಫ್ಯಾನ್ ಕೆಳಗೆ ಮಲಗಿ ಗೊತ್ತು.

ಸದಸ್ಯರೊಬ್ಬರು (ಬೆಂಗಳೂರು)

ಡಾಕ್ಟರೇ, ನೀವೇ ಹೀಗೆ ಹೇಳಿದರೆ ಹೇಗೆ? ನಾಯಿ ಅಂದರೆ ಮನೆ ಮಗು. ಮಗು ಕಷ್ಟ ಕೊಡುತ್ತದೆ ಅಂತ ಯಾರಾದರೂ ಕೊಡುತ್ತಾರಾ? ಸಾಕೋಕೆ ಆಗದವರು ತರಲೇಬಾರದು.

ಡಾಕ್ಟರ್

ತರಬಾರದಿತ್ತು, ಸರಿ. ಆದರೆ ತಂದಾಗಿದೆ ಸಾರ್. ನಿಮ್ಮಂಥವರು ಬೈತಾರೆ ಅಂತ ಹೆದರಿ ಜನ ಏನು ಮಾಡುತ್ತಾರೆ ಗೊತ್ತಾ? ಯಾರನ್ನೂ ಕೇಳದೆ ರಾತ್ರಿ ಹೊತ್ತು ರಿಂಗ್ ರೋಡಿನಲ್ಲಿ ಇಳಿಸಿ ಹೋಗುತ್ತಾರೆ. ಈ ಅಮ್ಮ ಬಂದು ಕೇಳುತ್ತಿದ್ದಾರೆ. ಕೇಳುವವರನ್ನು ಓಡಿಸಬೇಡಿ.

ಸದಸ್ಯೆ (ಬಳ್ಳಾರಿ)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು ಬೀದಿಯಿಂದ ತಂದ ಮರಿ, ಈಗ ಎರಡು ವರ್ಷ. ನಾವು ಮನೆ ಬದಲಾಯಿಸುತ್ತಿದ್ದೇವೆ. ಅದು ಮೊದಲು ಬೀದಿದೇ ಅಲ್ವಾ, ಅದೇ ಬೀದಿಗೆ ಬಿಟ್ಟರೆ ಆಗಲ್ವಾ?

ಡಾಕ್ಟರ್

ಆಗಲ್ಲಮ್ಮ. ಆ ಬೀದಿಗೆ ಈಗ ಬೇರೆ ನಾಯಿಗಳ ಗುಂಪು ಇರುತ್ತದೆ, ಹೊಸದನ್ನು ಸೇರಿಸಲ್ಲ. ತಟ್ಟೆಯಲ್ಲಿ ಉಂಡ ನಾಯಿಗೆ ಹುಡುಕಿ ತಿನ್ನುವುದು, ಗಾಡಿ ನೋಡಿ ರಸ್ತೆ ದಾಟುವುದು ಬರಲ್ಲ. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಸುಮ್ಮನೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೂ ಹೌದು. ಮೊದಲ ಸಲಕ್ಕೆ ಅದರಲ್ಲಿ ಬರೆದಿರುವ ದಂಡ 10ರಿಂದ 50 ರೂಪಾಯಿ, ಓದಿದರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಹೊಸ ಮನೆಗೆ ಕರೆದುಕೊಂಡು ಹೋಗಿ. ಓನರ್ ಒಪ್ಪದಿದ್ದರೆ ಮನೆಯನ್ನೇ ಇನ್ನೊಂದು ನೋಡಿ. ಎರಡು ವರ್ಷದ, ಮನೆ ಕಲಿತ ನಾಯಿ ನಿಮ್ಮದು.

ಪ್ರಶ್ನೆ ಕೇಳಿದವರು (ಕೆಲವು ವಾರಗಳ ನಂತರ)

ಡಾಕ್ಟರೇ, ಮಗನಿಗೆ ಲಸಿಕೆ ಆಯಿತು. ಬ್ರೂನೋ ಚೆನ್ನಾಗಿದೆ. ಗೇಟ್ ಹಾಕಿಸಿದ್ದೇವೆ, ಟವೆಲ್ ಆಟ ಅದಕ್ಕೆ ತುಂಬಾ ಇಷ್ಟ, ಗುರುಗುಟ್ಟುವುದು ಕಮ್ಮಿ ಆಗಿದೆ. ಆದರೆ ನಮ್ಮವರ ವಾಕಿಂಗ್ ನೈಟ್ ಶಿಫ್ಟ್ ಬಂದ ಕೂಡಲೇ ನಿಂತಿತು. ದಸರಾ ಹೊತ್ತಿಗೆ ಹೊಲಿಗೆ ಜಾಸ್ತಿ, ನನ್ನಿಂದ ಆಗುತ್ತಿಲ್ಲ. ಕೊಡೋಣ ಅಂತ ತೀರ್ಮಾನ ಮಾಡಿದೆವು, ಮಗಳನ್ನೂ ಕೂರಿಸಿಕೊಂಡು.

ಮೂರು ಜನ ಕೇಳಿದ್ದಾರೆ. ಬೆಂಗಳೂರಿನ ಕಾಲೇಜು ಹುಡುಗ ಒಬ್ಬ, ಫ್ರೆಂಡ್ಸ್ ಜೊತೆ ರೂಮಿನಲ್ಲಿದ್ದಾನೆ. ಇನ್ನೊಬ್ಬರು ಎಷ್ಟು ದುಡ್ಡು ಬೇಕಾದರೂ ಕೊಡುತ್ತೇವೆ, ಸರ್ಟಿಫಿಕೇಟ್ ಇದೆಯಾ, ಕ್ರಾಸಿಂಗ್ ಮಾಡಿಸಿದ್ದೀರಾ ಅಂತ ಕೇಳಿದರು. ಮೂರನೆಯವರು ಮೈಸೂರಿನಲ್ಲೇ ಇರುವ ರಿಟೈರ್ಡ್ ದಂಪತಿ, ಕಾಂಪೌಂಡ್ ಇದೆ, ಒಂದು ವಯಸ್ಸಾದ ಹೆಣ್ಣು ಬೀಗಲ್ ಇದೆ. ಯಾರಿಗೆ ಕೊಡಲಿ? ಸಾಕ್ಸ್ ವಿಷಯ ಹೇಳಬೇಕಾ? ಹೇಳಿದರೆ ಬೇಡ ಅಂದುಬಿಡುತ್ತಾರೇನೋ.

ಡಾಕ್ಟರ್

ಹೇಳಲೇಬೇಕು. ಯಾವಾಗ, ಯಾಕೆ, ಎಷ್ಟು ಗೀರಿತು, ಎಲ್ಲಾ. ಕೇಳಿ ಬೇಡ ಅನ್ನುವವರು ಹೇಗೂ ಮುಂದೊಂದು ದಿನ ನಾಯಿಯನ್ನು ಹೊರಗೆ ಹಾಕುವವರೇ. ಹೇಳದೆ ಕೊಟ್ಟು ಅವರ ಮೊಮ್ಮಗುವಿಗೆ ಕಚ್ಚಿದರೆ?

ಸರ್ಟಿಫಿಕೇಟ್ ಕೇಳಿದವರ ಫೋನ್ ಎತ್ತಬೇಡಿ. ಮರಿ ಹಾಕಿಸಿ ಮಾರುವ ಲೆಕ್ಕ ಅದು. ಕೊಡುವುದಕ್ಕೆ ಮೊದಲು ಸಂತಾನಹರಣ ಆಪರೇಷನ್ ಮಾಡಿಸಿಬಿಡಿ, ಅಂಥವರು ತಾವಾಗಿಯೇ ಸುಮ್ಮನಾಗುತ್ತಾರೆ. ಬೊಗಳುವುದು ಇದರಿಂದ ನಿಲ್ಲುತ್ತದೆ ಅಂದುಕೊಳ್ಳಬೇಡಿ, ನಿಲ್ಲಲ್ಲ. ಕಾಲೇಜು ಹುಡುಗನಿಗೆ ಪ್ರೀತಿ ಇರಬಹುದು. ಕೋರ್ಸ್ ಮುಗಿದ ಮೇಲೆ ನಾಯಿ ಎಲ್ಲಿಗೆ?

ದಂಪತಿ ಸರಿ ಅನ್ನಿಸುತ್ತಾರೆ. ಒಂದೇ ಒಂದು ಅಳುಕು, ಈ ವಯಸ್ಸಿನ ನಾಯಿ ಎಳೆದರೆ ಹಿರಿಯರು ಬೀಳುತ್ತಾರೆ. ವಾಕಿಂಗ್ ಯಾರು ಮಾಡುತ್ತಾರೆ ಕೇಳಿ. ಬೆಲ್ಟು ಕತ್ತಿಗಲ್ಲ, ಎದೆಗೆ ಹಾಕುವಂಥದ್ದು ಇರಲಿ. ನೀವೇ ಅವರ ಮನೆಗೆ ಹೋಗಿ, ನಾಯಿ ಎಲ್ಲಿ ಮಲಗುತ್ತದೆ, ಗೇಟಿನ ಸಂದಿ ಎಷ್ಟಿದೆ ನೋಡಿ. ಎರಡು ನಾಯಿಗಳನ್ನು ಮೊದಲು ಹೊರಗೆ ರಸ್ತೆಯಲ್ಲಿ ಜೊತೆಗೆ ನಡೆಸಿ, ಆಮೇಲೆ ಮನೆಯೊಳಗೆ. ಎರಡು ವಾರ ನೋಡೋಣ, ಆಗದಿದ್ದರೆ ನಮಗೇ ವಾಪಸ್ ಕೊಡಿ, ಬೇರೆ ಯಾರಿಗೂ ಕೊಡಬೇಡಿ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಇವರೂ ಆಗದಿದ್ದರೆ ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್, ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾ, ಇಂಥ ಪ್ರಾಣಿ ರಕ್ಷಣಾ ಸಂಸ್ಥೆಗಳಲ್ಲಿ ಕೇಳಿ. ಆದರೆ ನಾಯಿಯನ್ನು ಅಲ್ಲಿ ಬಿಟ್ಟುಬರುವುದಕ್ಕಲ್ಲ. ಗಾಯಗೊಂಡ, ದಿಕ್ಕಿಲ್ಲದ ಪ್ರಾಣಿಗಳಿಗೇ ಅಲ್ಲಿ ಜಾಗ ಸಾಲಲ್ಲ. ಮನೆ ಸಿಗುವವರೆಗೆ ನಾಯಿ ನಿಮ್ಮ ಹತ್ತಿರವೇ ಇರುತ್ತದೆ, ಹುಡುಕಲು ಸಹಾಯ ಮಾಡಿ ಅಂತ ಕೇಳಿ.

ಪ್ರಶ್ನೆ ಕೇಳಿದವರು

ಆ ಅಮ್ಮನಿಗೆ ಎಲ್ಲಾ ಹೇಳಿದೆ. ನಮ್ಮ ಹೆಣ್ಣು ನಾಯಿಯೂ ಚಿಕ್ಕದರಲ್ಲಿ ಹೀಗೇ ಮಾಡುತ್ತಿತ್ತು ಅಂದರು. ಅವರ ಮಗ ಪಕ್ಕದ ಬೀದಿಯಲ್ಲೇ ಇದ್ದಾನಂತೆ, ಬೆಳಿಗ್ಗೆ ಅವನೇ ವಾಕಿಂಗ್ ಮಾಡಿಸುತ್ತಾನಂತೆ. ಆಪರೇಷನ್ ಹೊಲಿಗೆ ಬಿಚ್ಚಿದ ಮೇಲೆ ಭಾನುವಾರ ಬಿಟ್ಟು ಬರುತ್ತೇವೆ. ಮಗಳು ವಾರಾ ವಾರಾ ನೋಡಲು ಹೋಗಬಹುದಾ?

ಡಾಕ್ಟರ್

ಹೋಗಬಹುದು, ಆದರೆ ಮೊದಲ ಮೂರು ನಾಲ್ಕು ವಾರ ವಿಡಿಯೋ ಕಾಲ್ ಸಾಕು. ನೀವು ಬಂದು ಹೋದಾಗಲೆಲ್ಲ ಅದು ಬಾಗಿಲು ಕಾಯುತ್ತ ಕೂರುತ್ತದೆ. ಭಾನುವಾರ ಮಗಳೂ ಜೊತೆಗೆ ಬರಲಿ, ಶಾಲೆಯಿಂದ ಬರುವಷ್ಟರಲ್ಲಿ ನಾಯಿ ಇಲ್ಲ ಅಂತ ಆಗಬಾರದು. ಅದು ಮಲಗುವ ಚಾದರವನ್ನು ತೊಳೆಯದೆ ಹಾಗೇ ಕಳಿಸಿ, ಈಗ ತಿನ್ನುತ್ತಿರುವ ಫುಡ್ ಹತ್ತು ದಿನಕ್ಕಾಗುವಷ್ಟು ಕೊಡಿ. ಒಮ್ಮೆಲೇ ಬದಲಾಯಿಸಿದರೆ ಭೇದಿ ಶುರುವಾಗುತ್ತದೆ. ಲಸಿಕೆ ಕಾರ್ಡಿನಲ್ಲಿ ಮುಂದಿನ ರೇಬಿಸ್ ಡೋಸಿನ ತಾರೀಕಿಗೆ ಪೆನ್ನಿನಲ್ಲಿ ಸುತ್ತು ಹಾಕಿ ಕೊಡಿ, ಹೊಸ ಮನೆಯವರು ಮರೆಯುವುದು ಅದನ್ನೇ.