ಸ್ಟಾರ್ಟ್ ಆದ ಮೇಲೂ ಟ್ರ್ಯಾಕ್ಟರಿನ ಸೆಲ್ಫ್ (ಸ್ಟಾರ್ಟರ್ ಮೋಟಾರ್) ಬಿಡುತ್ತಿಲ್ಲ, ಬದಲಿಸಬೇಕಾ?

ಪ್ರಶ್ನೆ (ಚಿತ್ತಾಪುರ ತಾಲೂಕು):
ಉಸ್ತಾದ್, ನಮಸ್ಕಾರ್ರೀ. ನಮ್ಮದು 1998ರ ಟ್ರ್ಯಾಕ್ಟರ್, ಮೂರು ಸಿಲಿಂಡರ್ ಡೀಸೆಲ್. ಒಮ್ಮೊಮ್ಮೆ ಕೀ ತಿರುವಿದರೆ ಟಕ್ ಅಂತ ಒಂದೇ ಸದ್ದು, ಇಂಜಿನ್ ತಿರುಗುವುದಿಲ್ಲ. ಒಮ್ಮೊಮ್ಮೆ ಸ್ಟಾರ್ಟ್ ಆಗುತ್ತದೆ, ಆದರೆ ಕೀ ಬಿಟ್ಟ ಮೇಲೂ ಕಿರ್ರ್ ಅಂತ ಸೆಲ್ಫ್ ಓಡುತ್ತಲೇ ಇರುತ್ತದೆ. ಯುಗಾದಿ ಹೊತ್ತಿಗೆ ಸೊಲೆನಾಯ್ಡ್ (ಸೆಲ್ಫಿಗೆ ಕರೆಂಟ್ ಬಿಡುವ ಸ್ವಿಚ್) ಹೊಸದು ಹಾಕಿಸಿದೆ, ಒಂದು ತಿಂಗಳು ಸುಮ್ಮನಿತ್ತು, ಮತ್ತೆ ಅದೇ ಕಥೆ. ಈಗ ಪೂರ್ತಿ ಸೆಲ್ಫೇ ಬದಲಿಸು ಅನ್ನುತ್ತಿದ್ದಾರೆ. ತೊಗರಿ ಬಿತ್ತನೆ ತಲೆ ಮೇಲೆ ಬಂದಿದೆ. ಸುತ್ತಿಗೆಯಿಂದ ನಾಲ್ಕು ಬಡಿದರೆ ನಡೆಯುತ್ತದೆ, ಹಾಗೇ ನಡೆಸಲಾ?

ಉತ್ತರ:
ಸುತ್ತಿಗೆ ಕೆಳಗಿಡಿ ಅಣ್ಣ. ಬಡಿದರೆ ನಡೆಯುತ್ತದೆ ಅಂದರೆ ಒಳಗೆ ಏನೋ ಹಿಡಿದಿದೆ ಅಂತ, ರಿಪೇರಿ ಆಯಿತು ಅಂತಲ್ಲ.

ಸೆಲ್ಫ್ ಹಿಡಿಯುವುದು ಎರಡು ಥರ. ಒಂದು ಕರೆಂಟ್ ಹಿಡಿಯುವುದು, ಇನ್ನೊಂದು ಹಲ್ಲು ಹಿಡಿಯುವುದು. ಮುಂದಿನ ಸಲ ಕಿರ್ರ್ ಅಂದ ಕೂಡಲೇ ಸ್ಟಾಪ್ ನಾಬ್ ಎಳೆಯಿರಿ. ಡೀಸೆಲ್ ನಿಂತರೂ ಸೆಲ್ಫ್ ಇಂಜಿನ್ ತಿರುಗಿಸುತ್ತಲೇ ಇದ್ದರೆ ಸೊಲೆನಾಯ್ಡ್ ಒಳಗಿನ ತಾಮ್ರದ ಬಿಲ್ಲೆ ವೆಲ್ಡಿಂಗ್ ಮಾಡಿದ ಹಾಗೆ ಅಂಟಿಕೊಂಡಿದೆ, ಇಲ್ಲ ಕೀ ಸ್ವಿಚ್ಚೇ ವಾಪಸ್ ಬರುತ್ತಿಲ್ಲ. ಆಗ ನೋಡುತ್ತಾ ನಿಲ್ಲಬೇಡಿ, ಬ್ಯಾಟರಿಯ ಅರ್ಥ್ ವೈರ್ (ಮೈನಸ್‌ನಿಂದ ಗಾಡಿಯ ಬಾಡಿಗೆ ಹೋಗುವುದು) ಬಿಚ್ಚಿ, ವೈರ್ ಕಾದು ಬೆಂಕಿ ಹತ್ತಬಹುದು. ಇಂಜಿನ್ ಜೊತೆಗೇ ಸದ್ದೂ ನಿಂತರೆ ಕರೆಂಟಿನ ತಪ್ಪಲ್ಲ, ಪಿನಿಯನ್ (ಸೆಲ್ಫಿನ ತುದಿಯ ಚಿಕ್ಕ ಹಲ್ಲಿನ ಗಾಲಿ) ಫ್ಲೈವೀಲ್ ರಿಂಗ್ (ಇಂಜಿನ್ ದೊಡ್ಡ ಚಕ್ರದ ಸುತ್ತಲಿನ ಹಲ್ಲಿನ ಬಳೆ) ಬಿಟ್ಟು ಹಿಂದೆ ಸರಿಯುತ್ತಿಲ್ಲ.

ಹೊಸ ಸೊಲೆನಾಯ್ಡ್ ಒಂದೇ ತಿಂಗಳಿಗೆ ಹೋಯಿತು ಅಂದಿರಲ್ಲ, ನನಗೆ ಅನುಮಾನ ಇರುವುದು ಅಲ್ಲೇ. ವೋಲ್ಟೇಜ್ ಕಡಿಮೆ ಇದ್ದರೆ ಸೊಲೆನಾಯ್ಡ್ ಗಟ್ಟಿಯಾಗಿ ಎಳೆದು ಹಿಡಿಯುವುದಿಲ್ಲ, ಪಟಪಟ ಅಂತ ಕುಣಿಯುತ್ತದೆ, ಕಿಡಿ ಹಾರುತ್ತದೆ, ಬಿಲ್ಲೆ ಅಂಟುತ್ತದೆ. ನೀವು ಎಷ್ಟು ಹೊಸದು ಹಾಕಿದರೂ ಅಷ್ಟೇ. ಮೀಟರ್ ತಗೊಳ್ಳಿ. ಬ್ಯಾಟರಿ ಫುಲ್ ಚಾರ್ಜ್ ಇದ್ದರೆ ಸುಮಾರು 12.6 ವೋಲ್ಟ್ ತೋರಿಸಬೇಕು. ಗೇರ್ ನ್ಯೂಟ್ರಲ್ ಮಾಡಿ, ಸ್ಟಾಪ್ ನಾಬ್ ಎಳೆದಿಟ್ಟು ಸೆಲ್ಫ್ ಹೊಡೆಸಿ, ಆಗ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ಸೋತಿದೆ. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಸೆಲ್ಫಿನ ಬಾಡಿಗೆ ಇಟ್ಟು ಮತ್ತೆ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ಥ್ ವೈರ್ ಕೆಟ್ಟಿದೆ. ನನ್ನ ಹತ್ತಿರ ಬರುವ ಹಳೇ ಗಾಡಿಗಳಲ್ಲಿ ಬಹಳಷ್ಟು ಸಲ ಕಳ್ಳ ಸಿಗುವುದು ಇಲ್ಲೇ, ಆದರೆ ಅರ್ಥ್ ವೈರ್ ಉಜ್ಜಿಕೊಡು ಅಂತ ಯಾರೂ ಬರುವುದಿಲ್ಲ, ಎಲ್ಲರೂ ಸೆಲ್ಫ್ ಬಿಚ್ಚಿಕೊಂಡೇ ಬರುತ್ತಾರೆ.

ಪ್ರಶ್ನೆ (ಅದೇ ರೈತರು, ಎರಡು ದಿನ ಬಿಟ್ಟು):
ಬ್ಯಾಟರಿ ಸರಿ ಇದೆ. ಅರ್ಥ್ ಕಡೆ 1.4 ಬಂತು! ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ತುಕ್ಕು, ಅದರ ಮೇಲೆ ಬಣ್ಣ. ಉಜ್ಜಿ ಬಿಗಿ ಮಾಡಿದೆ, ಟಕ್ ಅನ್ನುವುದು ಹೋಯಿತು. ಆದರೆ ಇವತ್ತು ಬೆಳಿಗ್ಗೆ ಮತ್ತೆ ಕಿರ್ರ್ ಅಂತು, ನಾಬ್ ಎಳೆದರೆ ಇಂಜಿನ್ ಜೊತೆಗೇ ನಿಂತಿತು.

ಉತ್ತರ:
ಅಂದರೆ ನಿಮಗೆ ಎರಡೂ ರೋಗ ಇದ್ದವು. ಈಗ ಸೆಲ್ಫ್ ಇಳಿಸಿ, ಮೊದಲು ಬ್ಯಾಟರಿ ಬಿಚ್ಚಿ. ಪಿನಿಯನ್ ಓಡಾಡುವ ಶಾಫ್ಟ್ ಮೇಲೆ ಕ್ಲಚ್ ಪ್ಲೇಟಿನ ಪುಡಿ, ಎರೆ ಮಣ್ಣಿನ ಧೂಳು, ಹಳೇ ಗ್ರೀಸ್ ಸೇರಿ ಕರಿ ಅಂಟು ಆಗಿರುತ್ತದೆ. ಬ್ರಶ್ಶಿಗೆ ಸ್ವಲ್ಪ ಸೀಮೆಎಣ್ಣೆ ಹಚ್ಚಿ ಒರೆಸಿ. ಪಿನಿಯನ್ನನ್ನೇ ಡಬ್ಬಿಯಲ್ಲಿ ಮುಳುಗಿಸಿಡಬೇಡಿ, ಅದರೊಳಗಿನ ಒಂದೇ ಕಡೆ ತಿರುಗುವ ಚಿಕ್ಕ ಕ್ಲಚ್ಚಿನ ಗ್ರೀಸ್ ತೊಳೆದುಹೋಗುತ್ತದೆ. ಒಣಗಿದ ಮೇಲೆ ತೆಳ್ಳಗೆ ಒಂದು ಹನಿ ಇಂಜಿನ್ ಆಯಿಲ್ ಸಾಕು. ಮತ್ತೆ ಗ್ರೀಸ್ ಮೆತ್ತಿದಿರೋ, ಮುಂದಿನ ತೊಗರಿ ರಾಶಿ ಹೊತ್ತಿಗೆ ಇಲ್ಲಿಗೇ ಬರುತ್ತೀರಿ. ಪಿನಿಯನ್ ಕೈಯಿಂದ ತಿರುವಿದರೆ ಒಂದು ಕಡೆ ತಿರುಗಬೇಕು, ಇನ್ನೊಂದು ಕಡೆ ಹಿಡಿಯಬೇಕು. ಶಾಫ್ಟ್ ಅಲ್ಲಾಡಿದರೆ ಅದು ಕೂರುವ ಬುಶ್ ಬದಲಿಸಿ.

ಸೆಲ್ಫ್ ಇಳಿಸಿದ ತೂತಿನಲ್ಲಿ ಬ್ಯಾಟರಿ ಲೈಟ್ ಬಿಟ್ಟು, ಇಂಜಿನ್ ಕೈಯಿಂದ ತಿರುವಿಸುತ್ತಾ ರಿಂಗಿನ ಹಲ್ಲು ನೋಡಿ. ಒಂದು ಜಾಗ ನೋಡಿ ಬಿಡಬೇಡಿ. ಮೂರು ಸಿಲಿಂಡರಿನ ಇಂಜಿನ್ ಆಫ್ ಆಗುವಾಗ ಕಂಪ್ರೆಷನ್ ತಡೆದು ಹೆಚ್ಚುಕಡಿಮೆ ಮೂರೇ ಜಾಗದಲ್ಲಿ ನಿಲ್ಲುತ್ತದೆ, ಹಲ್ಲು ಸವೆಯುವುದೂ ಅಲ್ಲೇ. ಹಲ್ಲಿನ ತುದಿ ಅಣಬೆ ಥರ ಮಡಚಿದ್ದರೆ ಪಿನಿಯನ್ ಸಿಕ್ಕಿಹಾಕಿಕೊಳ್ಳುತ್ತದೆ. ಸ್ವಲ್ಪ ಇದ್ದರೆ ಆ ತೂತಿನಿಂದಲೇ ಅರ ಹಾಕಿ ಉಜ್ಜಬಹುದು. ಪೂರ್ತಿ ಹೋಗಿದ್ದರೆ ರಿಂಗ್ ಬದಲಿಸಬೇಕು, ಅದಕ್ಕೆ ಗಾಡಿ ನಡುವೆ ಬಿಚ್ಚಬೇಕು, ಅದನ್ನು ಬಿತ್ತನೆ ಮುಗಿದ ಮೇಲೆ ಇಟ್ಟುಕೊಳ್ಳಿ, ಕ್ಲಚ್ ಪ್ಲೇಟನ್ನೂ ಜೊತೆಗೇ ನೋಡಿಬಿಡಿ.

ಪ್ರಶ್ನೆ (ಶಹಾಪುರ ಕಡೆಯಿಂದ):
ಸರ್, ನಮ್ಮದು ಭತ್ತದ ಗದ್ದೆ, ಕೆಸರಿನಲ್ಲೇ ಕೆಲಸ. ಗದ್ದೆ ನಡುವೆ ಪಿನಿಯನ್ ಸಿಕ್ಕಿ ಇಂಜಿನ್ ಲಾಕ್ ಆದರೆ ಏನು ಮಾಡುವುದು? ಸೆಲ್ಫಿಗೆ ನೇರ ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡಿದರೆ ಬಿಡುತ್ತದಾ?

ಉತ್ತರ:
ಸ್ಕ್ರೂಡ್ರೈವರ್ ಬೇಡವೇ ಬೇಡ. ಕೆಳಗೆ ನಿಂತು ಶಾರ್ಟ್ ಮಾಡಿದಾಗ ಗಾಡಿ ಗೇರಿನಲ್ಲಿದ್ದರೆ ಸ್ಟಾರ್ಟ್ ಆಗಿ ಹಿಂದಿನ ಗಾಲಿ ನಿಮ್ಮ ಮೇಲೆಯೇ ಬರುತ್ತದೆ. ಬ್ಯಾಟರಿ ವೈರ್ ಬಿಚ್ಚಿ, ನಾಬ್ ಎಳೆದಿಟ್ಟು, ಟಾಪ್ ಗೇರಿಗೆ ಹಾಕಿ ಇಬ್ಬರು ಮೂವರು ಸೇರಿ ಗಾಡಿಯನ್ನು ಹಿಂದೆ ಮುಂದೆ ತೂಗಿ, ಹಲ್ಲು ಬಿಡುತ್ತದೆ. ಕೆಸರಿನಲ್ಲಿ ಅಲ್ಲಾಡದಿದ್ದರೆ ಸೆಲ್ಫಿನ ಬೋಲ್ಟ್ ಸ್ವಲ್ಪ ಸಡಿಲ ಮಾಡಿದರೂ ಬಿಡುತ್ತದೆ, ಆಮೇಲೆ ಬಿಗಿ ಮಾಡಲು ಮರೆಯಬೇಡಿ. ಇನ್ನೊಂದು, ಕ್ಲಚ್ ಹೌಸಿಂಗ್ ಅಡಿಯಲ್ಲಿ ಸ್ಪ್ಲಿಟ್ ಪಿನ್ ಇರುವ ಚಿಕ್ಕ ತೂತು ಇರುತ್ತದೆ, ಅದು ಕೆಸರಿನಿಂದ ಮುಚ್ಚಿದರೆ ನೀರು ಒಳಗೇ ನಿಂತು ಪಿನಿಯನ್ ತುಕ್ಕು ಹಿಡಿಯುತ್ತದೆ. ಅಲ್ಲಿ ನೀರಿನ ಬದಲು ಆಯಿಲ್ ಬಂದರೆ ಆಯಿಲ್ ತಡೆಯುವ ಸೀಲ್ ಹೋಗಿದೆ, ಫೋಟೋ ಹಾಕಿ, ನೋಡುತ್ತೇನೆ.