ಅಪ್‌ಡೇಟ್: ಟೆಲಿಸ್ಕೋಪಿನ ಫೋಕಸರ್ ಜಾರೂದು ನಿಂತೈತ್ರಿ

ನಾ ನಿಮ್ಮನ್ನ ಕೇಳಿದ್ದ ಪ್ರಶ್ನೆ ಇಷ್ಟಿತ್ತು: ನನ್ನ ರಿಫ್ರಾಕ್ಟರ್‌ನ (ಲೆನ್ಸಿನ ಟೆಲಿಸ್ಕೋಪಿನ) ಕ್ರೇಫರ್ಡ್ ಫೋಕಸರ್‌ಗೆ, ಅಂದ್ರ ಟ್ಯೂಬ್ ಹಿಂದ ಮುಂದ ಸರಿಸಿ ಚಿತ್ರ ಸ್ಪಷ್ಟ ಮಾಡೋ ಭಾಗಕ್ಕ, 2 ಇಂಚಿನ ಡಯಾಗನಲ್ (ಬೆಳಕು ಅಡ್ಡ ತಿರುವೋ ತುಂಡು), ವಜ್ಜೆ ಐಪೀಸ್ (ಕಣ್ಣಿಡೋ ಲೆನ್ಸ್) ಹಾಕಿ ಟೆಲಿಸ್ಕೋಪ್ ನೆತ್ತಿ ಮ್ಯಾಲಿನ ಆಕಾಶದ ಕಡೆ ತಿರುವಿದ್ರ ಫೋಕಸರ್ ಟ್ಯೂಬ್ ತಾನ ಕೆಳಗ ಜಾರತಿತ್ತು.

ಕಾರಣ ಸ್ಕ್ರೂ ಅಲ್ಲ, ಜಿಡ್ಡು. ಕ್ರೇಫರ್ಡ್‌ನಾಗ ಹಲ್ಲು ಇರೂದಿಲ್ಲ. ಉಕ್ಕಿನ ಶಾಫ್ಟ್ ಟ್ಯೂಬಿನ ಚಪ್ಪಟೆ ಪಟ್ಟಿಗೆ ಒತ್ತಿಕೊಂಡು ಬರೇ ತಿಕ್ಕಾಟದ ಮ್ಯಾಲೆ ನಡೀತೈತಿ. ನೀವು ಹೇಳಿದಂಗ ಶಾಫ್ಟ್ ಬ್ಲಾಕ್ ಬಿಚ್ಚಿ, ಟ್ಯೂಬ್ ಹೊರಗ ತೆಗೆದು, ಮೊಬೈಲ್ ರಿಪೇರಿಯವರು ಬಳಸೋ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಶಾಫ್ಟ್, ಪಟ್ಟಿ, ನಾಲ್ಕೂ ಬೇರಿಂಗ್‌ಗಳ ಹೊರಮೈ ಒರೆಸಿದೆ. ಬಿಳಿ ಬಟ್ಟಿ ಕರ್ರಗಾತು. ಬೇರಿಂಗ್ ಒಳಗ ಮಾತ್ರ ಆಲ್ಕೋಹಾಲ್ ಇಳೀಬಾರ್ದು, ಅಲ್ಲಿನ ಗ್ರೀಸ್ ಬೇಕು.

ಕೂಡಿಸಿದ ಮ್ಯಾಲೆ ಟೆನ್ಷನ್ ಸ್ಕ್ರೂ (ಶಾಫ್ಟನ್ನ ಪಟ್ಟಿಗೆ ಒತ್ತೋದು) ಕಾಲು ಕಾಲು ಸುತ್ತು ಬಿಗಿದು, ಪ್ರತಿ ಸಲ ಅದ ಐಪೀಸ್ ಹಾಕಿ ನೆತ್ತಿಗೆ ಹಿಡಿದು ನೋಡ್ರಿ. ನನ್ನದು ಮುಕ್ಕಾಲು ಸುತ್ತಿಗೆ ನಿಂತ್ತು. ಕಂಡಾಪಟ್ಟಿ ಬಿಗಿದ್ರ ಅಲ್ಯೂಮಿನಿಯಂ ಮ್ಯಾಲೆ ತಗ್ಗು ಬಿದ್ದು ಫೋಕಸ್ ಜಿಗೀತೈತಿ. ಟ್ಯೂಬ್ ಅಲುಗದಂಗ ಹಿಡಿಯೋ ಲಾಕ್ ಸ್ಕ್ರೂ ಬ್ಯಾರೆ. ಅದನ್ನ ಬಿಗಿದು ನಾಬ್ ತಿರುವಬ್ಯಾಡ್ರಿ.

ಧಾರವಾಡದ ಜಿಟಿಜಿಟಿ ಮಳಿಯಾಗ ಪೆಟ್ಟಿಗ್ಯಾಗ ಸಿಲಿಕಾ ಜೆಲ್ ಇಡ್ರಿ. ಶಾಫ್ಟಿಗೆ ತುಕ್ಕು ಬಂದ್ರ ಎಣ್ಣಿ ಹಚ್ಚಾಕ ಬರೂದಿಲ್ಲಲ್ಲ!